ಇಲ್ಲೇ ಹೋಗಿ ಬರೋದಕ್ಕೆ ಹೆಲ್ಮೆಟ್ ಯಾಕೆ?

ಮೊನ್ನೆ ಶನಿವಾರ ಸಾಯಂಕಾಲ ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ ಅಂತ ಗೊತ್ತಾಗಿದ್ದು ಬೇಳೆ ಬೆಂದ ಮೇಲೆ. ಮಗ ಗಾಡಿ ಕೀ ತಗೊಂಡ. ಮಗಳು "ನಾನೂ ಬರ್ತೀನಿ, ಹಾಗೇ ಪಾನಿಪುರಿ ತಿನ್ಕೊಂಡು ಬರೋಣ" ಅಂತ ಚಪ್ಪಲಿ ಮೆಟ್ಕೊಂಡ್ಲು. ಅವನ ತಲೆ ಮೇಲೆ ಹೆಲ್ಮೆಟ್ ಇತ್ತು. ಇವಳ ತಲೆ ಮೇಲೆ ಇರ್ಲಿಲ್ಲ.

"ನಿನ್ ಹೆಲ್ಮೆಟ್ ಎಲ್ಲೇ?"

"ಇಲ್ಲೇ ಕಣಮ್ಮಾ, ಎರಡು ಕ್ರಾಸು. ಹಿಂದೆ ತಾನೇ ಕೂತ್ಕೊಳೋದು."

ಒಳಗೆ ಸೋಫಾ ಮೇಲೆ ಕೂತಿದ್ದ ನಮ್ಮಮ್ಮ ಏನೂ ಮಾತಾಡ್ಲಿಲ್ಲ. ಟೀವಿ ಸೌಂಡ್ ಕಮ್ಮಿ ಮಾಡಿದ್ಲು, ಅಷ್ಟೆ. "ಇಲ್ಲೇ", "ಹಿಂದೆ ತಾನೇ" - ಈ ಎರಡು ಮಾತು ನಮ್ಮನೇಲಿ ಮೂರು ತಲೆಮಾರಿಂದ ಓಡಾಡ್ತಿವೆ. ಎಲ್ಲಿಂದ ಬಂದ್ವು, ಹೇಗೆ ಬೆಳೆದ್ವು ಅಂತ ಒಂದ್ಸಲ ಬರೆದಿಡೋಣ ಅನ್ನಿಸ್ತು.

ತಾತನ ಕಾಲದಲ್ಲಿ "ಇಲ್ಲೇ" ಅನ್ನೋದು ನಿಜವಾಗ್ಲೂ ಇಲ್ಲೇ. ಜಯನಗರಕ್ಕೆ 1948ರಲ್ಲಿ ರಾಜಾಜಿ ಬಂದು ಅಡಿಗಲ್ಲು ಹಾಕಿದ್ರು, ಅವರು ಆಗ ದೇಶದ ಗವರ್ನರ್ ಜನರಲ್. ಅದರ ಗುರುತಾಗಿ ನಿಂತ ಅಶೋಕ ಪಿಲ್ಲರ್ ಇವತ್ತಿಗೂ ಇದೆ, ಸುತ್ತ ಬಸ್ಸು ಆಟೋಗಳ ಪ್ರದಕ್ಷಿಣೆ ನಡೀತಾನೇ ಇರುತ್ತೆ. ಊರಿನ ದಕ್ಷಿಣದ ಕೊನೆ ಎಲ್ಲಿಗೆ ಮುಗೀತಿತ್ತು ಅನ್ನೋದನ್ನ ಸೌತ್ ಎಂಡ್ ಸರ್ಕಲ್ ಅನ್ನೋ ಹೆಸರೇ ಹೇಳುತ್ತೆ. ತಾತ ಮೂರನೇ ಬ್ಲಾಕಲ್ಲಿ ಮನೆ ಕಟ್ಟಿಸಿದಾಗ ನೆಂಟರೆಲ್ಲ "ಅಷ್ಟು ದೂರ ಕಾಡಲ್ಲಿ ಯಾಕಪ್ಪ" ಅಂತ ಕೇಳಿದ್ರಂತೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಆಗಿನ್ನೂ ಹಳ್ಳಿಗಳು. ಆ ಮೂರು ಹೆಸರಿನ ಮೊದಲ ಅಕ್ಷರ ಸೇರಿಸಿ ಬಿಟಿಎಂ ಅಂತ ಬಡಾವಣೆ ಆಗಿದ್ದು ಎಷ್ಟೋ ವರ್ಷದ ಮೇಲೆ. ತರಕಾರಿಗೆ, ದೇವಸ್ಥಾನಕ್ಕೆ, ಹಿಟ್ಟಿನ ಗಿರಣಿಗೆ ಎಲ್ಲಾದಕ್ಕೂ ನಡಕೊಂಡೇ ಹೋಗೋರು. ಅಡ್ಡ ಬಂದ್ರೆ ಎಮ್ಮೆ ಬರೋದು.

ತಾತನ ಹತ್ರ ಇದ್ದಿದ್ದು ಒಂದು ಸೈಕಲ್ಲು, ಡೈನಮೋ ದೀಪದ್ದು. ಆ ದೀಪದ ಬಗ್ಗೆ ತಾತ ಹೇಳ್ತಿದ್ದ ಕತೆ ನಂಗೆ ಚೆನ್ನಾಗಿ ನೆನಪಿದೆ. ಕತ್ತಲಾದ ಮೇಲೆ ದೀಪ ಇಲ್ಲದೆ ಸೈಕಲ್ ತುಳಿದ್ರೆ ಪೊಲೀಸ್ನೋರು ನಿಲ್ಲಿಸಿ ಚಕ್ರದ ಗಾಳಿ ಬಿಟ್ಟು ಕಳಿಸೋರು. ಡಬಲ್ಸ್ ಹೊಡೆದ್ರೂ ಅಷ್ಟೆ. ಕ್ಯಾರಿಯರ್ ಮೇಲೆ ಅಜ್ಜೀನ ಕೂರಿಸ್ಕೊಂಡು ಹೋಗ್ತಿದ್ದಾಗ ದೂರದಲ್ಲಿ ಪೊಲೀಸ್ ಟೋಪಿ ಕಂಡ್ರೆ ಅಜ್ಜಿ ಟಣ್ ಅಂತ ಇಳಿದು, ಯಾರೋ ಏನೋ ಅನ್ನೋ ಹಾಗೆ ಪಕ್ಕದಲ್ಲಿ ನಡೀತಿದ್ರಂತೆ. ನಗು ಬರುತ್ತೆ. ಆದ್ರೆ ನೋಡಿ, ಆಗ ಹಿಂದೆ ಒಬ್ರು ಕೂತಿರೋದೇ ಒಂದು ಅಪರಾಧ, ಪೊಲೀಸ್ನೋರ ಕಣ್ಣಿಗೆ ಮೊದಲು ಬೀಳ್ತಿದ್ದಿದ್ದೇ ಹಿಂದೆ ಕೂತೋರು. ಸ್ಕೂಟರ್ ಬಂದ ಮೇಲೆ ಅದು ತಿರುಗಾ ಮುರುಗಾ ಆಯ್ತು. ಹಿಂದಿನ ಸೀಟಲ್ಲಿ ಕೂತೋರು ಯಾರ ಲೆಕ್ಕಕ್ಕೂ ಇಲ್ಲ.

ನಮ್ಮಪ್ಪನ ಚೇತಕ್ ಬಂದಿದ್ದು 1983ರಲ್ಲಿ. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯೋ ಕಾಲ ಅದು. ಮನೆಗೆ ಬಂದ ದಿನ ನಾಲ್ಕು ದಿಕ್ಕಿಗೂ ಕುಂಬಳಕಾಯಿ ನಿವಾಳಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅಪ್ಪ ಒಂದು ಸುತ್ತು ಹೊಡೆದ್ರು. ಆಮೇಲೆ ಹತ್ತು ಹನ್ನೆರಡು ವರ್ಷ ಇಡೀ ಸಂಸಾರ ಅದರ ಮೇಲೆ. ಮುಂದೆ ನಾನು ನಿಂತ್ಕೊಳೋದು, ಹ್ಯಾಂಡಲ್ ಹಿಡ್ಕೊಂಡು, ಅಪ್ಪ ಸೀಟಲ್ಲಿ, ಹಿಂದೆ ಅಮ್ಮ, ಒಂದೇ ಕಡೆ ಕಾಲು ಹಾಕ್ಕೊಂಡು, ತೊಡೆ ಮೇಲೆ ತಮ್ಮ, ಮೊಣಕೈಗೆ ವೈರ್ ಬ್ಯಾಗು, ಒಂದು ಕೈ ಅಪ್ಪನ ಭುಜದ ಮೇಲೆ. ನಾಲ್ಕು ತಲೆ, ಒಂದೂ ಹೆಲ್ಮೆಟ್ ಇಲ್ಲ. ಪುಟ್ಟಣ್ಣ ಥಿಯೇಟರಿಗೆ ಸಿನಿಮಾ, ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿಗೆ ತರಕಾರಿ, ರಾಗಿಗುಡ್ಡಕ್ಕೆ ಹನುಮ ಜಯಂತಿ. ಎಲ್ಲಾನೂ "ಇಲ್ಲೇ".

ಚಿಕ್ಕಪ್ಪನ ಹತ್ರ ಯೆಜ್ಡಿ ಇತ್ತು, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆದು. ಅದರ ಹಿಂದಿನ ಚಕ್ರದ ಪಕ್ಕ ಕಬ್ಬಿಣದ ಕಂಬಿಗಳ ಜಾಲರಿ ಇತ್ತು, ಸೀರೆ ಗಾರ್ಡ್. ಅಂಗಡಿಯೋರು ಉಪಕಾರಕ್ಕೆ ಹಾಕಿಕೊಡೋದು ಅಂತ ನಾನು ಎಷ್ಟೋ ವರ್ಷ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು ಕಾನೂನು! 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದೆ. ಹಿಂದೆ ಕೂತೋರಿಗೆ ಹಿಡ್ಕೊಳೋಕೆ ಹಿಡಿ ಇರ್ಬೇಕು, ಕಾಲಿಡೋಕೆ ಜಾಗ ಇರ್ಬೇಕು, ಅವರ ಬಟ್ಟೆ ಚಕ್ರಕ್ಕೆ ಸಿಕ್ಕಿಹಾಕ್ಕೊಳದ ಹಾಗೆ ಹಿಂದಿನ ಚಕ್ರದ ಅರ್ಧ ಭಾಗವಾದ್ರೂ ಮುಚ್ಚೋ ಸಾಧನ ಇರ್ಬೇಕು. ಕಾನೂನು ಬರೆದೋರ ಕಣ್ಮುಂದೆ ನಮ್ಮಮ್ಮನಂಥ ಹೆಂಗಸು, ಅವಳ ಸೆರಗು, ಸೀರೆ ನೆರಿಗೆ ಎಲ್ಲಾ ಇತ್ತು ಅಂತಾಯ್ತು.

ಹಾಗಿದ್ರೆ ತಲೆ? ಅದೂ ಇತ್ತು. ಇದು ನಂಗೆ ಗೊತ್ತಾದಾಗ ಹೊಟ್ಟೆ ಉರೀತು. 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದಿದ್ದು 1989ರ ಜುಲೈ 1ಕ್ಕೆ. ಅದರ 129ನೇ ಕಲಮು ಓಡಿಸೋರಿಗೆ ಮಾತ್ರ ಹೆಲ್ಮೆಟ್ ಅಂತ ಹೇಳಲೇ ಇಲ್ಲ. ಓಡಿಸೋರು, ಜೊತೆಗೆ ಸವಾರಿ ಮಾಡೋರು, ಎಲ್ಲರೂ ಹಾಕ್ಕೊಳ್ಬೇಕು ಅಂತಲೇ ಇತ್ತು. ಆದ್ರೆ ಕೊನೇಲಿ ಒಂದು ಕಿಂಡಿ ಬಿಟ್ಟಿದ್ರು: ರಾಜ್ಯ ಸರ್ಕಾರಗಳು ಬೇಕಾದ್ರೆ ತಮ್ಮ ನಿಯಮದಲ್ಲಿ ವಿನಾಯಿತಿ ಕೊಡಬಹುದು. ಆ ಕಿಂಡೀಲಿ ಇಡೀ ದೇಶ ನುಗ್ಗಿತು. ದೆಹಲೀಲಿ ಹೆಂಗಸರಿಗೆ ಹೆಲ್ಮೆಟ್ ಬೇಡ ಅಂತಲೇ 2014ರವರೆಗೂ ಇತ್ತು. ನಮ್ಮಲ್ಲಿ ಮುಂದೆ ಕೂತೋರನ್ನೇ ಸರಿಯಾಗಿ ಕೇಳೋರಿರ್ಲಿಲ್ಲ, ಹಿಂದಿನೋರ ಮಾತೆಲ್ಲಿ ಬಂತು. ಸೀರೆಗೆ ಅವತ್ತೇ ಕಾವಲು ಬಂತು, ಸೀರೆ ಉಟ್ಟೋಳ ತಲೆಗೆ ಬರಲಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರ್ತೀನಿ.

1994, ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಅಪ್ಪ ಅಮ್ಮ ನಾಲ್ಕನೇ ಬ್ಲಾಕಿಗೆ ಹೋಗಿ ಬಾಗಿನದ ಸಾಮಾನೆಲ್ಲ ತಗೊಂಡು ವಾಪಸ್ ಬರ್ತಿದ್ರು. ಮುಸ್ಸಂಜೆ, ಬೀದಿ ದೀಪ ಇರ್ಲಿಲ್ಲ. ಒಂದು ಕ್ರಾಸಲ್ಲಿ ಹಿಂದಿನ ವಾರ ಇರದ ಹಂಪು ಹೊಸದಾಗಿ ಎದ್ದಿತ್ತು, ಬಿಳಿ ಪಟ್ಟೆ ಗಿಟ್ಟೆ ಏನೂ ಇಲ್ಲ. ಅಪ್ಪ ಅಂಥಾ ಸ್ಪೀಡಲ್ಲೇನೂ ಇರ್ಲಿಲ್ಲ. ಅವರು ಜೀವಮಾನದಲ್ಲಿ ನಲವತ್ತು ದಾಟಿದೋರಲ್ಲ. ಗಾಡಿ ಎಗರಿತು. ಮೊಣಕೈಗೆ ಬ್ಯಾಗು, ತೊಡೆ ಮೇಲೆ ಎರಡು ಜೊತೆ ಮರ, ಅಮ್ಮಂಗೆ ಹಿಡ್ಕೊಳೋಕೆ ಕೈಯೇ ಇರ್ಲಿಲ್ಲ. ಹಿಂದಕ್ಕೆ ಬಿದ್ಲು. ಅಪ್ಪಂಗೆ ಗೊತ್ತಾಗಿದ್ದು ನಾಲ್ಕು ಮನೆ ಮುಂದೆ ಹೋದ್ಮೇಲೆ, ಅದೂ ಯಾರೋ "ಸಾರ್, ಮೇಡಮ್ಮು!" ಅಂತ ಕೂಗಿದ್ದಕ್ಕೆ.

ಅಮ್ಮ ಎದ್ದು ಕೂತು ಬಳೆ ಆರಿಸ್ತಿದ್ಲಂತೆ. "ಏನೂ ಆಗಿಲ್ಲಾ ರೀ, ಅರಿಶಿನದ ಪೊಟ್ಟಣ ಒಡೆದೋಯ್ತು ನೋಡಿ" ಅಂದ್ಲಂತೆ. ರಕ್ತ ಇಲ್ಲ. ತಲೆ ಹಿಂದೆ ನಿಂಬೆಹಣ್ಣಿನ ಗಾತ್ರ ಬುಗುಟು, ಅಷ್ಟೇ. ರಾತ್ರಿ ಎರಡು ಸಲ ವಾಂತಿ ಆದ್ಮೇಲೆ ಆಸ್ಪತ್ರೆಗೆ ಓಡಿದ್ದು. ಎರಡು ದಿನ ಇಟ್ಕೊಂಡು, ಏನೂ ತೊಂದರೆ ಇಲ್ಲ ಅಂತ ಕಳಿಸಿದ್ರು. ಆ ವರ್ಷ ನಮ್ಮನೆ ಗೌರೀನ ಪಕ್ಕದ ಮನೆಯೋರು ಕೂರಿಸಿಕೊಟ್ರು.

ಅದಾಗಿ ಒಂದು ವಾರಕ್ಕೆ ಅಮ್ಮ ಒಲೆ ಮುಂದೆ ನಿಂತಿದ್ಲು, ಅವಳ ಕಣ್ಣು ಕಿಟಕಿ ಆಚೆ. ಪಕ್ಕದ ಒಲೇಲಿ ಹಾಲು ಸೀದು ಮನೆಯೆಲ್ಲ ನಾರ್ತಿತ್ತು. ನಾನು ಓಡಿಬಂದು ಆರಿಸಿದೆ. "ಅಯ್ಯೋ, ಗೊತ್ತೇ ಆಗ್ಲಿಲ್ಲ ಕಣೆ" ಅಂದ್ಲು. ಮರುದಿನ ಸಾರಿಗೆ ಒಗ್ಗರಣೆ ಹಾಕಿ ನನ್ನನ್ನ ಕರೆದು ಕೇಳಿದ್ಲು, "ಇಂಗು ಹಾಕಿದೀನಾ ನೋಡು." ಇಂಗಿನ ವಾಸನೆ ಹಾಲಿಗೆ ಹೊಡೀತಿತ್ತು.

ಡಾಕ್ಟರು ಬಿಡಿಸಿ ಹೇಳಿದ್ರು. ವಾಸನೆಯ ನರಗಳು ಕೂದಲಿಗಿಂತ ಸಣ್ಣವಂತೆ. ಮೂಗಿನ ಮೇಲ್ಗಡೆ ಜರಡಿ ಥರ ಒಂದು ಮೂಳೆ ಇದೆ, ಅದರ ತೂತುಗಳ ಮೂಲಕ ಮೆದುಳಿಗೆ ಹೋಗ್ತವೆ. ತಲೆ ಹಿಂದಕ್ಕೆ ಬಡಿದಾಗ ಒಳಗೆ ಮೆದುಳು ಜಗ್ಗುತ್ತೆ, ಆ ಜರಡೀಲಿ ನರಗಳು ಕಿತ್ತುಹೋಗ್ತವೆ. ಕೆಲವರಿಗೆ ವಾಪಸ್ ಬರುತ್ತೆ. ಅಮ್ಮಂಗೆ ಬರಲಿಲ್ಲ. ಮೂವತ್ತು ವರ್ಷ ದಾಟಿತು. ಮಲ್ಲಿಗೆ, ಫಿಲ್ಟರ್ ಕಾಫಿ, ಮೊದಲ ಮಳೆ, ಮೊಮ್ಮಕ್ಕಳ ತಲೆ, ಯಾವುದೂ ಇಲ್ಲ. ಗ್ಯಾಸ್ ಸೋರಿದ್ರೆ ಗೊತ್ತಾಗಲ್ಲ ಅಂತ ಇವತ್ತಿಗೂ ಒಬ್ಬಳನ್ನೇ ಮನೇಲಿ ಬಿಟ್ಟು ಹೋಗುವಾಗ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡ್ತೀವಿ. ಜನ ಆಕ್ಸಿಡೆಂಟ್ ಅಂದ್ರೆ ಸಾವು, ಇಲ್ಲಾ ಕೈಕಾಲು ಮುರಿಯೋದು ಅಂತ ತಿಳ್ಕೊಂಡಿದಾರೆ. ಲೆಕ್ಕಕ್ಕೆ ಸಿಗದ ಇಂಥವೂ ಇರ್ತವೆ. ಅಪ್ಪ ಆಮೇಲೆ ಆ ಸ್ಕೂಟರ್ ಮಾರಿಬಿಟ್ರು. ಯಾಕೆ ಅಂತ ಯಾರೂ ಕೇಳ್ಲಿಲ್ಲ.

ತಲೆಗೂ ಹೆಲ್ಮೆಟ್ಟಿಗೂ ಇರೋ ಸಂಬಂಧ ವೈದ್ಯರಿಗೆ ಹೊಸದೇನಲ್ಲ. "ಲಾರೆನ್ಸ್ ಆಫ್ ಅರೇಬಿಯಾ" ಅಂತ ಸಿನಿಮಾ ಇದ್ಯಲ್ಲ, ಆ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಲ್ಲಿ ತನ್ನ ಮನೆ ಹತ್ರಾನೇ ಮೋಟರ್ ಸೈಕಲ್ಲಿಂದ ಬಿದ್ದ. ಮುಂದೆ ಸೈಕಲ್ ಮೇಲೆ ಇಬ್ಬರು ಹುಡುಗರಿದ್ರು, ತಪ್ಪಿಸೋಕೆ ಹೋಗಿ ಬಿದ್ದಿದ್ದು. ತಲೆ ಮೇಲೆ ಹೆಲ್ಮೆಟ್ ಇರ್ಲಿಲ್ಲ. ಆರು ದಿನಕ್ಕೆ ಸತ್ತ. ಅವನನ್ನ ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಮೆದುಳಿನ ಶಸ್ತ್ರವೈದ್ಯರೊಬ್ರಿದ್ರು. ಅವರಿಗೆ ಅದು ಮನಸ್ಸಲ್ಲೇ ಉಳೀತು. ಯುದ್ಧದ ಕಾಲದಲ್ಲಿ ಸೈನ್ಯದ ಮೋಟರ್ ಸೈಕಲ್ ಸವಾರರು ಬಿದ್ದು ಸಾಯೋದನ್ನ ಲೆಕ್ಕ ಹಾಕಿ, 1941ರಲ್ಲಿ ಹೆಲ್ಮೆಟ್ ಎಷ್ಟು ತಲೆ ಉಳಿಸುತ್ತೆ ಅಂತ ಬರೆದ್ರು. ಅದೇ ವರ್ಷ ಬ್ರಿಟಿಷ್ ಸೈನ್ಯದಲ್ಲಿ ಹೆಲ್ಮೆಟ್ ಕಡ್ಡಾಯ ಆಯ್ತು. ಊರಿನ ಜನಕ್ಕೆಲ್ಲ ಕಡ್ಡಾಯ ಆಗೋಕೆ ಅಲ್ಲೂ 1973 ಬೇಕಾಯ್ತು. ಹಾಗಾಗಿ ತಡ ಮಾಡಿದೋರು ನಾವೊಬ್ಬರೇ ಅಲ್ಲ.

ನಮ್ಮ ಪಕ್ಕದಲ್ಲೇ, ಹೊಸೂರು ರೋಡಲ್ಲಿ, ನಿಮ್ಹಾನ್ಸ್ ಇದೆ. ಹೊರಗಿನೋರು ಅದನ್ನ ಬರೀ ಮನಸ್ಸಿನ ಕಾಯಿಲೆ ಆಸ್ಪತ್ರೆ ಅಂದ್ಕೊಂಡಿರ್ತಾರೆ. ಬೆಂಗಳೂರಿನೋರಿಗೆ ಗೊತ್ತು, ರಾತ್ರಿ ಆಂಬುಲೆನ್ಸ್ ಆ ಕಡೆ ಓಡ್ತಿದೆ ಅಂದ್ರೆ ಮುಕ್ಕಾಲು ಪಾಲು ತಲೆಗೆ ಪೆಟ್ಟು ಬಿದ್ದೋರೇ. ಅಲ್ಲಿ ಡಾ. ಜಿ. ಗುರುರಾಜ್ ಮತ್ತವರ ಜೊತೆಯೋರು ಎಷ್ಟೋ ವರ್ಷ ಕೂತು, ಹೀಗೆ ಬಂದೋರು ಯಾರು, ಎಲ್ಲಿ ಬಿದ್ರು, ಹೆಲ್ಮೆಟ್ ಇತ್ತಾ ಇಲ್ವಾ ಅಂತ ಬರೆದಿಟ್ಟು, ಹೆಲ್ಮೆಟ್ ಬೇಕೇ ಬೇಕು ಅಂತ ಹೇಳ್ತಾನೇ ಬಂದ್ರು.

ಆ ಮಾತು ರಸ್ತೆಗೆ ಇಳಿದಿದ್ದು 2006ರ ಕೊನೇಲಿ. ಓಡಿಸೋರಿಗೆ ಹೆಲ್ಮೆಟ್ ಬೇಕು ಅಂತ ಬೆಂಗಳೂರಲ್ಲಿ ಗಟ್ಟಿಯಾಗಿ ಹಿಡಿಯೋಕೆ ಶುರು ಮಾಡಿದ್ರು. ಹಿಂದೆ ಕೂತೋರ ಸರದಿ ಬಂದಿದ್ದು 2016ರ ಜನವರೀಲಿ. ಆ ಜನವರಿ ನಮ್ಮ ಬೀದಿ ಹೆಂಗಸರ ಮಧ್ಯೆ ಆದ ಚರ್ಚೆ ಬರೆದ್ರೆ ಒಂದು ಪುಸ್ತಕ ಆಗುತ್ತೆ. ತುರುಬು ಹಾಕ್ಕೊಂಡ್ರೆ ಹೆಲ್ಮೆಟ್ ಹೇಗೆ ಕೂರುತ್ತೆ? ಮದುವೆಗೆ ಹೋಗುವಾಗ ಮಲ್ಲಿಗೆ ಮುಡಿಯೋದು ಬೇಡ್ವಾ? ಎರಡನೇ ಹೆಲ್ಮೆಟ್ ಇಡೋದೆಲ್ಲಿ, ಛತ್ರದ ತುಂಬ ಅದನ್ನೇ ಹಿಡ್ಕೊಂಡು ಓಡಾಡೋದಾ? ತಮಾಷೆಯಲ್ಲ, ಇವು ನಿಜವಾದ ಕಷ್ಟಗಳೇ. ಮಲ್ಲಿಗೆ ಪ್ರಶ್ನೆಗೆ ನಂಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಛತ್ರಕ್ಕೆ ಹೋಗಿ ಮುಡ್ಕೊಳ್ತೀನಿ, ಅಷ್ಟೆ. ರಸ್ತೆ ಪಕ್ಕ ಕುಂಬಳಕಾಯಿ ಥರ ಹೆಲ್ಮೆಟ್ ಗುಡ್ಡೆ ಹಾಕ್ಕೊಂಡು ಮಾರೋಕೆ ಕೂತ್ರು. ನಾನೂ ಒಂದು ತಂದೆ, ಬರೀ ನೆತ್ತಿ ಮುಚ್ಚೋ ಟೋಪಿಯಂಥದ್ದು, ನೂರೈವತ್ತು ರೂಪಾಯಿ. ನಾಚಿಕೆ ಬಿಟ್ಟು ಹೇಳ್ತೀನಿ, ಅಮ್ಮನ ಕತೆ ಗೊತ್ತಿದ್ದೂ ನಾನು ತಂದಿದ್ದು ಅದನ್ನೇ. ಅದು ಪೊಲೀಸ್ನೋರಿಗೆ ತೋರ್ಸೋಕೆ. ಸಿಗ್ನಲ್ ಬಂದ್ರೆ ತಲೆ ಮೇಲೆ, ದಾಟಿದ್ರೆ ತೊಡೆ ಮೇಲೆ. ಅಜ್ಜಿ ಸೈಕಲ್ಲಿಂದ ಟಣ್ ಅಂತ ಇಳೀತಿದ್ರಲ್ಲ, ಅದೇ ವಿದ್ಯೆ.

ನಮ್ಮ ಸುತ್ತಮುತ್ತ ಎಷ್ಟೋ ಜನ ಆ ಟೋಪಿ ಬಿಸಾಕಿದ್ದು 2021ರ ಜೂನ್ ಆದ್ಮೇಲೆ. ಸಂಚಾರಿ ವಿಜಯ್ ಹೋದ್ರಲ್ಲ, ಆವಾಗ. "ನಾನು ಅವನಲ್ಲ... ಅವಳು" ಸಿನಿಮಾಗೆ ರಾಷ್ಟ್ರಪ್ರಶಸ್ತಿ ತಗೊಂಡ ನಟ. ಕನ್ನಡ ಸಿನಿಮಾದ ಅಭಿನಯಕ್ಕೆ ಆ ಪ್ರಶಸ್ತಿ ಬಂದಿದ್ದು "ಚೋಮನ ದುಡಿ"ಯ ವಾಸುದೇವರಾಯರಿಗೆ, "ತಬರನ ಕಥೆ"ಯ ಚಾರುಹಾಸನ್ ಅವರಿಗೆ, ಅವೆರಡಾದ ಮೇಲೆ ಇವರಿಗೇ. ಕೊರೋನಾ ಎರಡನೇ ಅಲೆ ಲಾಕ್‌ಡೌನು, ಆ ದಿನಗಳಲ್ಲಿ ಅವರು ಕಷ್ಟದಲ್ಲಿರೋರಿಗೆ ನೆರವು ತಲುಪಿಸ್ತಾ ಓಡಾಡ್ತಿದ್ರು. ಜೂನ್ 12ರ ರಾತ್ರಿ ಜೆ.ಪಿ. ನಗರ ಏಳನೇ ಫೇಸಲ್ಲಿ ಸ್ನೇಹಿತರ ಬೈಕಲ್ಲಿ ಹಿಂದೆ ಕೂತಿದ್ರು. ಬೈಕ್ ಜಾರಿ ವಿದ್ಯುತ್ ಕಂಬಕ್ಕೆ ಬಡೀತು. ಹೆಲ್ಮೆಟ್ ಇರ್ಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂತು. ಮೆದುಳು ನಿಂತುಹೋಗಿದೆ ಅಂತ ಡಾಕ್ಟರುಗಳು ಹೇಳಿದ ಮೇಲೆ ಮನೆಯೋರು ಅಂಗಾಂಗ ದಾನಕ್ಕೆ ಒಪ್ಪಿದ್ರು. ಕಡೂರು ತಾಲ್ಲೂಕಿನ ಪಂಚನಹಳ್ಳೀಲಿ ಮಣ್ಣು ಮಾಡಿದ್ರು. ಇನ್ನೂ ನಲವತ್ತೂ ಆಗಿರ್ಲಿಲ್ಲ.

ಅವತ್ತು ರಸ್ತೆ ತುಂಬ ಗಾಡಿಗಳಿರ್ಲಿಲ್ಲ, ಲಾಕ್‌ಡೌನು. ಎಲ್ಲೋ ಹೈವೇ ಅಲ್ಲ, ನಮ್ಮ ಜೆ.ಪಿ. ನಗರ. ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರಬಾರದು ಅಂತ ಕೇಂದ್ರ ಸರ್ಕಾರದ ಆದೇಶ ಜಾರಿಗೆ ಬಂದು ಹನ್ನೊಂದು ದಿನ ಆಗಿತ್ತು, ಜೂನ್ 1ಕ್ಕೆ. ಹಿಂದಿನೋರಿಗೂ ಕಡ್ಡಾಯ ಅಂತ ಮಾಡಿ ಐದು ವರ್ಷ ದಾಟಿತ್ತು.

ದಂಡದ ಕತೆ ಬೇರೆ. 2019ರ ಸೆಪ್ಟೆಂಬರಲ್ಲಿ ಹೊಸ ಕಾಯ್ದೆ ಬಂದು ಹೆಲ್ಮೆಟ್ ಇಲ್ಲದಿದ್ರೆ 1000 ರೂಪಾಯಿ ಅಂದ್ರು. ಜನ ಬೊಬ್ಬೆ ಹೊಡೆದ್ರು. ಅದೇ ತಿಂಗಳು ನಮ್ಮ ರಾಜ್ಯ ಅದನ್ನ 500ಕ್ಕೆ ಇಳಿಸ್ತು. 2023ರ ಫೆಬ್ರವರೀಲಿ ಹಳೇ ದಂಡಕ್ಕೆಲ್ಲ ಅರ್ಧ ರಿಯಾಯಿತಿ ಕೊಟ್ಟಾಗ ಸೀರೆ ಅಂಗಡಿ ಆಷಾಢ ಸೇಲಿನ ಥರ ಜನ ಪೊಲೀಸ್ ಸ್ಟೇಷನ್ ಮುಂದೆ ಕ್ಯೂ ನಿಂತ್ರು, ನೂರು ಕೋಟಿ ಮೀರಿ ದುಡ್ಡು ಬಂತು. ಖುಷಿ ಪಡೋ ವಿಷಯನಾ ಅಂತ ನಂಗೆ ಇನ್ನೂ ಅನುಮಾನ. ಅಷ್ಟು ಸಲ ಅಷ್ಟು ಜನ ತಪ್ಪು ಮಾಡಿ ಮನೆಗೆ ಬಂದಿದಾರೆ ಅಂತ ತಾನೇ ಅದರ ಅರ್ಥ? ಮನೆಗೆ ಬರದೇ ಇದ್ದೋರ ಲೆಕ್ಕ ಇನ್ನೊಂದು ಪುಸ್ತಕದಲ್ಲಿದೆ. ಕೇಂದ್ರ ಸಾರಿಗೆ ಇಲಾಖೆ ವರದಿ ಪ್ರಕಾರ 2022ರಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತೋರು 50,029. ಅದರಲ್ಲಿ 14,337 ಜನ ಓಡಿಸ್ತಾ ಇದ್ದೋರಲ್ಲ, "ಹಿಂದೆ ತಾನೇ" ಕೂತಿದ್ದೋರು.

ಇದನ್ನೆಲ್ಲ ಮಗಳಿಗೆ ಹೇಳಿದೆನಾ? ಇಲ್ಲ. ಹದಿನೆಂಟು ವರ್ಷದೋರಿಗೆ ವರದಿ ಓದಿದ್ರೆ ಕಿವಿಗೆ ಇಯರ್‌ಫೋನ್ ಹಾಕ್ಕೊಳ್ತಾರೆ. ಬದಲು ಮಗನೇ ಮಾತಿಗೆ ಬಂದ. ಅವನಿಗೆ ಇಂಜಿನಿಯರಿಂಗು, ಎಲ್ಲದಕ್ಕೂ ಲೆಕ್ಕ. "ಗಾಡಿ ನಿಂತಿದ್ರೂ ಅಷ್ಟೇ ಕಣೇ. ಸೀಟ್ ಮೇಲೆ ಕೂತಿರೋ ನಿನ್ ತಲೆ ನೆಲದಿಂದ ಒಂದೂವರೆ ಮೀಟರ್ ಮೇಲಿರುತ್ತೆ. ಅಲ್ಲಿಂದ ಬಿದ್ರೆ ನೆಲ ಮುಟ್ಟೋ ಹೊತ್ತಿಗೆ ಗಂಟೆಗೆ ಹತ್ತೊಂಬತ್ತು ಕಿಲೋಮೀಟರ್ ಸ್ಪೀಡು. ಪಿಯುಸಿ ಫಿಸಿಕ್ಸ್." ಹೆಲ್ಮೆಟ್ ಒಳಗಿರೋ ಥರ್ಮಾಕೋಲ್ ಜಜ್ಜಿಹೋಗಿ ಆ ಪೆಟ್ಟನ್ನ ನಿಧಾನ ಮಾಡುತ್ತಂತೆ, ಅದಕ್ಕೇ ಒಂದ್ಸಲ ಜೋರಾಗಿ ಬಿದ್ದ ಹೆಲ್ಮೆಟ್ ಆಮೇಲೆ ಕೆಲಸಕ್ಕೆ ಬರಲ್ಲ, ಪಟ್ಟಿ ಹಾಕದೇ ಇದ್ರೆ ನಮಗಿಂತ ಮೊದಲು ಅದೇ ಹಾರಿಹೋಗುತ್ತೆ. ಇದನ್ನೆಲ್ಲ ಹೇಳಿದೋನು ಕಳೆದ ವಾರ ಔಟರ್ ರಿಂಗ್ ರೋಡಲ್ಲಿ ಹೆಲ್ಮೆಟ್ ಒಳಗೆ ಫೋನ್ ತುರುಕ್ಕೊಂಡು ಮಾತಾಡ್ತಾ ಬಂದಿದ್ದ. ಅದು ಇನ್ನೊಂದು ದಿನದ ಜಗಳ.

ಮಗಳು "ಸರಿ, ಲೆಕ್ಚರ್ ಸಾಕು" ಅಂತ ಮುಖ ಊದಿಸ್ಕೊಂಡು ಒಳಗೆ ಹೋದ್ಲು. ಶೂ ಸ್ಟ್ಯಾಂಡ್ ಮೇಲಿದ್ದ ಹೆಲ್ಮೆಟ್ ಅಲ್ಲಿರ್ಲಿಲ್ಲ. ಅಜ್ಜಿ ಅಷ್ಟೊತ್ತಿಗೆ ಎದ್ದು ಅದನ್ನ ತಗೊಂಡು, ಸೆರಗಿಂದ ಗಾಜು ಒರೆಸ್ತಾ ನಿಂತಿದ್ಲು. ಏನೂ ಹೇಳದೆ ಮೊಮ್ಮಗಳ ತಲೆಗೆ ಇಟ್ಟು, ಗದ್ದದ ಕೆಳಗೆ ಪಟ್ಟಿ ಸಿಗಿಸೋಕೆ ಹೋದ್ಲು. ಕೈ ನಡುಗಿ ಕ್ಲಿಪ್ ಬೀಳ್ಲಿಲ್ಲ. "ಕೊಡಜ್ಜಿ, ನಾನ್ ಹಾಕ್ಕೊತೀನಿ" ಅಂದ್ಲು ಮಗಳು.

ಮುಕ್ಕಾಲು ಗಂಟೆ ಆದ್ಮೇಲೆ ಬಂದ್ರು, ಪಾನಿಪುರಿ ತಿಂದು. ಅಷ್ಟೊತ್ತಿಗೆ ಸಾರು ಎರಡು ಸಲ ಬಿಸಿ ಮಾಡಿದ್ದಾಗಿತ್ತು. ಅಮ್ಮ ಪೇಪರ್ ಹಾಸ್ಕೊಂಡು ಸೊಪ್ಪು ಬಿಡಿಸೋಕೆ ಕೂತ್ಲು. ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿ, ನನ್ನ ಮೂಗಿನ ಹತ್ರ ಹಿಡಿದ್ಲು.

"ನಾಟೀನಾ, ಫಾರಮ್ಮಾ?"

"ನಾಟಿ ಕಣಮ್ಮ," ಅಂದೆ.